ಊರ ಹೆಸರು ಓದಿದ ಮಾಸ್ತರರು: ಶಂ. ಬಾ. ಜೋಶಿ

ಸಂಘದ ಬೆಳ್ಳಿ ಹಬ್ಬದ ಸಂಚಿಕೆಗೆ ನಮ್ಮ ಸೀಮೆಯ ಊರುಗಳಿಗೆ ಹೆಸರು ಹ್ಯಾಂಗ ಬಂತು ಅಂತ ಬರೆಯಲು ಕುಳಿತೆವು. ಹಿರಿಯರನ್ನು ಕೇಳಿದರೆ ನಾಲ್ಕು ಮಂದಿ ನಾಲ್ಕು ಕಥೆ ಹೇಳಿದರು. ಆಗ ನೆನಪಾದವರು ನಮ್ಮ ಜಿಲ್ಲೆಯವರೇ ಆದ ಶಂಕರ ಬಾಳದೀಕ್ಷಿತ ಜೋಶಿಯವರು. ಶಂಬಾ ಎಂದೇ ನಾಡಿಗೆಲ್ಲ ಪರಿಚಿತರು.

ಅವರು 1896ರಲ್ಲಿ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಧಾರವಾಡದಲ್ಲಿ ಬಹುಕಾಲ ಮಾಸ್ತರಿಕೆ ಮಾಡಿದರು. ಆಗ ನಮ್ಮ ಸೀಮೆಯೆಲ್ಲ ಮುಂಬಯಿ ಇಲಾಖೆಗೆ ಸೇರಿತ್ತು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೇಳುತ್ತದೆ. ಹಾಗಾದರೆ ಕೃಷ್ಣೆಯ ಆಚೆಗಿನ ಆ ಕನ್ನಡ ಎಲ್ಲಿ ಹೋಯಿತು? ಈ ಒಂದು ಪ್ರಶ್ನೆ ಅವರನ್ನು ಜೀವಮಾನವಿಡೀ ಬಿಡಲಿಲ್ಲ.

ಅರಸರ ಶಾಸನ ಓದುವವರು ಬಹಳ ಮಂದಿ ಇದ್ದರು. ಶಂಬಾ ಅವರು ಶಾಸನದಷ್ಟೇ ಬೆಲೆಯನ್ನು ದನ ಕಾಯುವವನ ಬಾಯಿಯ ಮಾತಿಗೂ ಕೊಟ್ಟರು. ಊರ ಹೆಸರು, ಕುಲದ ಹೆಸರು, ದೇವರ ಹೆಸರು ಕೂಡಿಹಾಕಿದರು. ಹಟ್ಟಿ ಎಂಬ ಒಂದೇ ಮಾತಿನ ಬೆನ್ನು ಹತ್ತಿ ಮಹಾರಾಷ್ಟ್ರದ ಮೂಲದವರೆಗೂ ಹೋದರು. ‘ಕಣ್ಮರೆಯಾದ ಕನ್ನಡ’, ‘ಕನ್ನಡದ ನೆಲೆ’, ‘ಎಡೆಗಳು ಹೇಳುವ ಕಂನಾಡ ಕಥೆ’ ಇವೆಲ್ಲ ಆ ದುಡಿಮೆಯ ಫಲ. ಎಡೆ ಅಂದರೆ ಜಾಗ. ಮರಾಠಿಯಲ್ಲೂ ಪುಸ್ತಕ ಬರೆದು ಅಲ್ಲಿಯ ಪಂಡಿತರ ಮುಂದೆ ತಮ್ಮ ವಾದ ಇಟ್ಟರು. ಅವರ ಮಾತನ್ನೆಲ್ಲ ವಿದ್ವಾಂಸರು ಒಪ್ಪಿಲ್ಲ, ಕೆಲವು ಬಿಡಿಸುವಿಕೆ ನಮಗೂ ಎಳೆದಂತೆ ಕಾಣುತ್ತದೆ. ಆದರೆ ನೋಡುವ ಕಣ್ಣು ಅವರು ಕೊಟ್ಟದ್ದು.

ಆ ಕಣ್ಣಿನಿಂದ ಸುತ್ತ ನೋಡಿರಿ. ಚಿಕ್ಕೋಡಿಯ ಮಗ್ಗುಲಲ್ಲೇ ಹಿರೇಕೋಡಿ ಇದೆ. ಒಂದು ಚಿಕ್ಕದು, ಒಂದು ಹಿರಿದು. ರಾಯಬಾಗ ಅಂದರೆ ಯಾರೋ ರಾಯರ ಬಾಗು, ತೋಟ ಅಂತ ತಿಳಿದವರು ಬಹಳ. ರಟ್ಟರ ಕಾಲದ ಶಾಸನದಲ್ಲಿ ಅದು ಹೂವಿನಬಾಗೆ. ಬಾದಶಹರು ಈ ಕಡೆ ಬರುವ ಮುಂಚೆಯೇ ಇದ್ದ ಬಾಗೆ ಅದು! ಗಡಿಯ ವಾದ 1956ರಿಂದ ನಡೆದೇ ಇದೆ. ನಿಪ್ಪಾಣಿ, ಕಾಗವಾಡದ ಮಂದಿ ಎರಡೂ ಮಾತು ಆಡಿ ಸಂಸಾರ ಮಾಡಿದ್ದಾರೆ. ಹೆಸರನ್ನು ಜಗಳಕ್ಕೆ ತರುವುದು ನಮ್ಮ ಉದ್ದೇಶವಲ್ಲ.

ಶಂಬಾ ಅವರಿಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1981ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆಗ ವಯಸ್ಸು ಎಂಬತ್ತೈದು. 1991ರಲ್ಲಿ ತೀರಿಕೊಂಡರು.

ಇನ್ನು ನಮ್ಮ ಮನೆಯ ಮಾತು. ಸಂಘದ ಸಾಲದ ಅರ್ಜಿಯಲ್ಲಿ ನಾವು ಬರೆಯುವುದು ಸರ್ವೆ ನಂಬರ ಮಾತ್ರ. ಉತಾರದಲ್ಲೂ ಅಷ್ಟೇ. ಹುಣಸಿಮರದ ಹೊಲ, ಗುಡಿ ಪಟ್ಟಿ, ಕರೆಮಡ್ಡಿ ಎಂಬ ಹೆಸರುಗಳು ಮುದುಕರ ಬಾಯಲ್ಲಷ್ಟೇ ಉಳಿದಿವೆ. ಈಗಿನ ಹುಡುಗರಿಗೆ ಕೇಳಿದರೆ ನಂಬರ ಹೇಳುತ್ತಾರೆ. ಅದಕ್ಕೇ ಈ ಸಂಚಿಕೆಯ ಕೊನೆಗೆ ಎರಡು ಪುಟ ಖಾಲಿ ಬಿಟ್ಟಿದ್ದೇವೆ. ಸದಸ್ಯರು ತಮ್ಮ ಹೊಲ, ಹಳ್ಳ, ಬಾವಿ, ಓಣಿಗಳ ಹೆಸರನ್ನು ಮನೆಯ ಹಿರಿಯರಿಗೆ ಕೇಳಿ ಬರೆದು, ಸಂಘದ ಕಚೇರಿಗೆ ತಂದುಕೊಡಬೇಕಾಗಿ ವಿನಂತಿ. ಅಕ್ಷರ ತಪ್ಪಿದರೂ ನಡೆಯುತ್ತದೆ, ಆಡಿದಂತೆಯೇ ಬರೆಯಿರಿ.