ಹುಳುಗಳ ಪಂಡಿತ ಲಾಮಾರ್ಕ್

ಬೆನ್ನೆಲುಬಿಲ್ಲದವನು ಎಂಬ ಮಾತು ನಮ್ಮಲ್ಲಿ ಹೀಯಾಳಿಕೆಗೆ ಬಳಕೆಯಾಗುತ್ತದೆ. ಆದರೆ ಭೂಮಂಡಲದ ಪ್ರಾಣಿಜಾತಿಗಳಲ್ಲಿ 100ಕ್ಕೆ 95ಕ್ಕೂ ಹೆಚ್ಚಿನವು ಬೆನ್ನೆಲುಬಿಲ್ಲದವೇ ಆಗಿವೆ. ಇರುವೆ, ಜೇಡ, ಏಡಿ, ಸಿಗಡಿ, ಎರೆಹುಳು, ಬಸವನಹುಳು, ಮರುವಾಯಿ, ಹವಳ ಇವೆಲ್ಲವೂ ಆ ಗುಂಪಿನವು. ಈ ಅಸಂಖ್ಯ ಜೀವಿಗಳನ್ನು ಅಕಶೇರುಕಗಳೆಂಬ ಒಂದು ಹೆಸರಿನಡಿ ತಂದು, ಅವುಗಳ ಅಂಗರಚನೆಯನ್ನು ಪರೀಕ್ಷಿಸಿ ವರ್ಗಗಳನ್ನಾಗಿ ವಿಂಗಡಿಸಿದ ಮಹನೀಯನು ಫ್ರಾನ್ಸ್ ದೇಶದ ಜೀನ್ ಬ್ಯಾಪ್ಟಿಸ್ಟ್ ಲಾಮಾರ್ಕ್. ಅವನ ಜೀವನವೃತ್ತಾಂತವನ್ನು ಇಂದು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಲಾಮಾರ್ಕನು 1744ನೆಯ ಇಸವಿ ಆಗಸ್ಟ್ 1ರಂದು ಉತ್ತರ ಫ್ರಾನ್ಸಿನ ಬಜಾಂತಿನ್ ಎಂಬ ಹಳ್ಳಿಯಲ್ಲಿ ಜನಿಸಿದನು. ಮನೆತನವು ದೊಡ್ಡದು, ಆಸ್ತಿಯು ಸಣ್ಣದು, ಮಕ್ಕಳೋ ಹನ್ನೊಂದು ಮಂದಿ. ಅವರಲ್ಲಿ ಇವನೇ ಕಿರಿಯನು. ಹುಡುಗನು ಪಾದ್ರಿಯಾಗಲೆಂದು ತಂದೆಯು ಅವನನ್ನು ಅಮಿಯೆನ್ ಪಟ್ಟಣದ ಜೆಸ್ವಿಟ್ ವಿದ್ಯಾಶಾಲೆಗೆ ಸೇರಿಸಿದನು. ತಂದೆ ತೀರಿಕೊಂಡೊಡನೆ ಹುಡುಗನು ಪುಸ್ತಕ ಮುಚ್ಚಿಟ್ಟು, ಒಂದು ಕುದುರೆಯನ್ನು ಕೊಂಡು, ಜರ್ಮನಿಯಲ್ಲಿ ಕಾದುತ್ತಿದ್ದ ಫ್ರೆಂಚ್ ಸೈನ್ಯವನ್ನು ಸೇರಿಕೊಂಡನು. 1761ರ ಒಂದು ಕದನದಲ್ಲಿ ಅವನ ತುಕಡಿಯ ಅಧಿಕಾರಿಗಳೆಲ್ಲ ಮಡಿದರೂ, ಆಜ್ಞೆ ಬರುವವರೆಗೆ ಕದಲುವುದಿಲ್ಲವೆಂದು ಹದಿನೇಳು ತುಂಬದ ಆ ಬಾಲಕನು ನಿಂತನೆಂದೂ, ಆ ಧೈರ್ಯಕ್ಕಾಗಿ ಅವನಿಗೆ ಅಧಿಕಾರಿಯ ಪದವಿ ದೊರೆಯಿತೆಂದೂ ಚರಿತ್ರಕಾರರು ಹೇಳುತ್ತಾರೆ.

ಯುದ್ಧವು ಮಾಡದ ಹಾನಿಯನ್ನು ಸ್ನೇಹಿತರ ಚೇಷ್ಟೆಯು ಮಾಡಿತು. ಶಾಂತಿಕಾಲದಲ್ಲಿ ಒಬ್ಬ ಸಂಗಡಿಗನು ತಮಾಷೆಗೆಂದು ಅವನ ತಲೆಯನ್ನು ಹಿಡಿದೆತ್ತಿದುದರಿಂದ ಕೊರಳಿಗೆ ಪೆಟ್ಟಾಗಿ, ಪ್ಯಾರಿಸಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ಸೈನ್ಯದ ಉದ್ಯೋಗವು ಕೊನೆಗೊಂಡಿತು. ಕೈಗೆ ಬಂದದ್ದು ಅಲ್ಪ ಪಿಂಚಣಿ. ಹೊಟ್ಟೆಪಾಡಿಗಾಗಿ ಅವನು ಒಂದು ಬ್ಯಾಂಕಿನಲ್ಲಿ ಗುಮಾಸ್ತೆಯಾದನು. ಹಗಲು ಲೆಕ್ಕ ಬರೆದು, ಉಳಿದ ಹೊತ್ತಿನಲ್ಲಿ ವೈದ್ಯಶಾಸ್ತ್ರವನ್ನು ಓದುತ್ತ, ಅರಸನ ಉದ್ಯಾನದಲ್ಲಿ ಗಿಡಮೂಲಿಕೆಗಳ ಪರಿಚಯ ಮಾಡಿಕೊಳ್ಳುತ್ತಿದ್ದನು. ಕ್ರಮೇಣ ವೈದ್ಯಶಾಸ್ತ್ರವು ಹಿಂದೆ ಬಿದ್ದು ಸಸ್ಯಶಾಸ್ತ್ರವೇ ಅವನ ಜೀವವಾಯಿತು. 1778ರ ಇಸವಿಯನ್ನು ಹೊತ್ತು ಹೊರಬಂದ ಫ್ರಾನ್ಸಿನ ಸಸ್ಯಗಳನ್ನು ಕುರಿತ ಅವನ ಮೂರು ಸಂಪುಟಗಳು ಬ್ಯುಫಾನ್ ಪಂಡಿತನ ಸಹಾಯದಿಂದ ಸರಕಾರದ ಖರ್ಚಿನಲ್ಲಿಯೇ ಅಚ್ಚಾದವು. ಎರಡೆರಡು ಲಕ್ಷಣಗಳಲ್ಲಿ ಒಂದನ್ನು ಆರಿಸುತ್ತ ಹೋದರೆ ಸಾಮಾನ್ಯನೂ ಗಿಡದ ಹೆಸರನ್ನು ಕಂಡುಹಿಡಿಯಬಹುದಾದ ಸುಲಭ ಮಾರ್ಗವು ಅದರಲ್ಲಿತ್ತು. ಮರುವರ್ಷವೇ ವಿಜ್ಞಾನ ಪರಿಷತ್ತು ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು.

1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. 1793ರಲ್ಲಿ ಅರಸನ ಉದ್ಯಾನವು ರಾಷ್ಟ್ರದ ವಸ್ತುಸಂಗ್ರಹಾಲಯವಾಗಿ ಮಾರ್ಪಟ್ಟು, ಹನ್ನೆರಡು ಮಂದಿ ಪ್ರೊಫೆಸರರ ನೇಮಕವಾಯಿತು. ಸಸ್ಯಶಾಸ್ತ್ರದ ಪೀಠಗಳು ಬೇರೆಯವರ ಪಾಲಾದವು. ಇಪ್ಪತ್ತೈದು ವರ್ಷ ಗಿಡಗಳಲ್ಲೇ ಬಾಳಿದ ಲಾಮಾರ್ಕನಿಗೆ ಉಳಿದದ್ದು ಕೀಟಗಳ ಮತ್ತು ಹುಳುಗಳ ಪೀಠ. ಅದಕ್ಕೆ ಆ ಕಾಲದಲ್ಲಿ ಮರ್ಯಾದೆಯಿರಲಿಲ್ಲ. ಆಗ ಅವನಿಗೆ ಐವತ್ತು ಹತ್ತಿರವಾಗಿತ್ತು. ಚಿಪ್ಪುಗಳನ್ನು ಕೂಡಿಡುವ ಹವ್ಯಾಸವೊಂದೇ ಆ ಕ್ಷೇತ್ರದಲ್ಲಿ ಅವನಿಗಿದ್ದ ಬಂಡವಾಳ. ಅವನು ಗೊಣಗಲಿಲ್ಲ, ಹೊಸ ವಿದ್ಯಾರ್ಥಿಯಂತೆ ಓದಲು ಕುಳಿತನು.

ಅವನ ಮುಂದಿದ್ದ ಕೆಲಸ ಎಂತಹುದೆಂಬುದನ್ನು ಸ್ವಲ್ಪ ವಿವರಿಸಬೇಕು. ಸ್ವೀಡನ್ನಿನ ಲಿನೇಯಸ್ ಪಂಡಿತನು ಬೆನ್ನೆಲುಬಿಲ್ಲದ ಪ್ರಾಣಿಗಳನ್ನೆಲ್ಲ ಕೀಟಗಳು, ಹುಳುಗಳು ಎಂದು ಎರಡೇ ವರ್ಗಗಳಲ್ಲಿ ತುಂಬಿದ್ದನು. ಏಡಿ, ಜೇಡ, ಚಿಟ್ಟೆಗಳು ಒಂದು ಮೂಟೆ; ಎರೆಹುಳು, ಬಸವನಹುಳು, ನಕ್ಷತ್ರಮೀನು, ಹವಳಗಳು ಇನ್ನೊಂದು ಮೂಟೆ. ಅಕ್ಕಿ, ಬೇಳೆ, ಮೆಣಸು, ಕೊತ್ತಂಬರಿಗಳನ್ನು ಒಂದೇ ಡಬ್ಬಿಯಲ್ಲಿ ಸುರಿದರೆ ಉಗ್ರಾಣಿಗೆ ಆಗುವ ಫಜೀತಿಯೇ ಇಲ್ಲಿಯೂ ಆಗಿತ್ತು. ಲಾಮಾರ್ಕನು ಹೊರಗಿನ ರೂಪಕ್ಕೆ ಮರುಳಾಗದೆ, ಪ್ರಾಣಿಯು ಹೇಗೆ ಉಸಿರಾಡುತ್ತದೆ, ಅದರ ರಕ್ತ ಹೇಗೆ ಹರಿಯುತ್ತದೆ, ನರಗಳು ಹೇಗಿವೆ ಎಂದು ಒಳಗನ್ನು ನೋಡಿದನು.

ಏಡಿ, ಸಿಗಡಿಗಳಿಗೆ ಗಟ್ಟಿಯಾದ ಹೊರಕವಚ, ಎರಡು ಜೊತೆ ಮೀಸೆಗಳು, ನೀರಿನಲ್ಲಿ ಉಸಿರಾಡುವ ಕಿವಿರುಗಳು ಇವೆ. ಕೀಟಗಳಿಗೆ ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗ, ಆರು ಕಾಲು, ಒಂದೇ ಜೊತೆ ಮೀಸೆ. ಗಾಳಿಯು ಸಣ್ಣ ನಾಳಗಳ ಮೂಲಕ ಒಡಲೆಲ್ಲ ಹರಿಯುತ್ತದೆ. ಆದುದರಿಂದ ಏಡಿಯ ಬಳಗವನ್ನು ಅವನು ಕೀಟಗಳಿಂದ ಬೇರ್ಪಡಿಸಿದನು. ಜೇಡ, ಚೇಳುಗಳಿಗೆ ಎಂಟು ಕಾಲುಗಳು. ಮೀಸೆಯೂ ಇಲ್ಲ, ರೆಕ್ಕೆಯೂ ಇಲ್ಲ. ಅವಕ್ಕೆ ಇನ್ನೊಂದು ಪ್ರತ್ಯೇಕ ವರ್ಗ. 1801ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಎರಡು ವರ್ಗಗಳು ಏಳಾಗಿದ್ದವು. 1802ರಲ್ಲಿ, ಉಂಗುರಗಳನ್ನು ಪೋಣಿಸಿದಂತೆ ಮೈಯುಳ್ಳ ಎರೆಹುಳು, ಜಿಗಣೆ ಮೊದಲಾದವುಗಳಿಗೆ ಅನೆಲಿಡ್ ಎಂಬ ಹೆಸರನ್ನಿತ್ತನು. ಇಂದಿಗೂ ಶಾಸ್ತ್ರದಲ್ಲಿ ಅದೇ ಹೆಸರಿದೆ. 1809ರ ಹೊತ್ತಿಗೆ ವರ್ಗಗಳು ಹತ್ತಾದವು. ಮೆತ್ತನೆಯ ಮೈಯ ಬಸವನಹುಳು, ಮರುವಾಯಿಗಳ ಮೃದ್ವಂಗಿ ವರ್ಗವನ್ನು ಅವನು ಇವುಗಳಲ್ಲಿ ಎಲ್ಲಕ್ಕಿಂತ ಮೇಲಿಟ್ಟನು.

ಅವನ ವಿಂಗಡಣೆಯೆಲ್ಲವೂ ಉಳಿದಿಲ್ಲ. ನಕ್ಷತ್ರಮೀನನ್ನೂ ಲೋಳೆಮೀನನ್ನೂ ಅವನು ಒಂದೇ ವರ್ಗದಲ್ಲಿ ಸೇರಿಸಿದ್ದನು. ಅವು ತೀರ ಬೇರೆ ಎಂದು ಅನಂತರ ತಿಳಿಯಿತು. ಹಡಗಿನ ತಳಕ್ಕೆ ಅಂಟಿಕೊಳ್ಳುವ ಬಾರ್ನಾಕಲ್ಲುಗಳಿಗೆ ಅವನು ಪ್ರತ್ಯೇಕ ವರ್ಗವನ್ನೇ ಕೊಟ್ಟಿದ್ದನು. ಅವುಗಳ ಮರಿಗಳನ್ನು ನೋಡಿದ ಮೇಲೆ ಅವು ಏಡಿಯ ದಾಯಾದಿಗಳೆಂದು ಗೊತ್ತಾಯಿತು. ಅಕಶೇರುಕವೆಂಬುದು ಇಂದು ಒಂದೇ ಕುಲದ ಹೆಸರಲ್ಲ, ಹಲವು ಕುಲಗಳಿಗೆ ಬಳಸುವ ಅನುಕೂಲದ ಹೆಸರು. ಆದರೂ ಮೂಟೆಯನ್ನು ಮೊದಲು ಬಿಚ್ಚಿ ಹಸನು ಮಾಡಿದ ಕೀರ್ತಿಯು ಅವನದೇ.

ಚಿಪ್ಪುಗಳನ್ನು ಜೋಡಿಸುತ್ತಿರುವಾಗ ಅವನಿಗೆ ಇನ್ನೊಂದು ವಿಚಾರವು ಹೊಳೆಯಿತು. ಪ್ಯಾರಿಸಿನ ಸುತ್ತಲ ನೆಲದಲ್ಲಿ ಸಿಕ್ಕುವ ಕಲ್ಲಾದ ಚಿಪ್ಪುಗಳಿಗೂ ಇಂದಿನ ಸಮುದ್ರದ ಚಿಪ್ಪುಗಳಿಗೂ ಹೋಲಿಕೆಯಿದೆ, ವ್ಯತ್ಯಾಸವೂ ಇದೆ. ಹಾಗಾದರೆ ಜೀವಜಾತಿಗಳು ಸ್ಥಿರವಲ್ಲ, ದೀರ್ಘಕಾಲದಲ್ಲಿ ಬದಲಾಗುತ್ತವೆ ಎಂದು 1800ರಿಂದಲೇ ಅವನು ಬೋಧಿಸತೊಡಗಿದನು. ಬಳಸಿದ ಅಂಗವು ಬೆಳೆಯುತ್ತದೆ, ಬಳಸದ್ದು ಕುಗ್ಗುತ್ತದೆ, ಆ ಮಾರ್ಪಾಡು ಸಂತತಿಗೆ ಇಳಿಯುತ್ತದೆ ಎಂಬುದು ಅವನ ವಾದ. ಜಿರಾಫೆಯ ಕೊರಳಿನ ಉದಾಹರಣೆಯನ್ನು ಶಾಲೆಯಲ್ಲಿ ಓದಿದವರು ನೆನಪಿಸಿಕೊಳ್ಳಬಹುದು. ಬದಲಾವಣೆ ನಡೆಯುತ್ತದೆಂಬುದು ನಿಜವಾಯಿತು. ಅದು ನಡೆಯುವ ರೀತಿಯ ಬಗ್ಗೆ ಅವನು ಹೇಳಿದ್ದು ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಆ ಕಾಲದ ಜನರಂತೂ ಯಾವುದನ್ನೂ ಒಪ್ಪಲಿಲ್ಲ. ಲವಾಸಿಯೇನ ಹೊಸ ರಸಾಯನಶಾಸ್ತ್ರವನ್ನು ವಿರೋಧಿಸಿ, ವರ್ಷವರ್ಷವೂ ಹವಾಮಾನದ ಭವಿಷ್ಯದ ಪಂಚಾಂಗ ಪ್ರಕಟಿಸಿ, ಲಾಮಾರ್ಕನು ತನ್ನ ಹೆಸರಿಗೆ ತಾನೇ ಕುಂದು ತಂದುಕೊಂಡಿದ್ದನು. ವೃದ್ಧನು ತನ್ನ ಪ್ರಾಣಿಶಾಸ್ತ್ರದ ಗ್ರಂಥವನ್ನು ಅರ್ಪಿಸಲು ಹೋದಾಗ, ಅದೂ ಪಂಚಾಂಗವೆಂದೇ ಭಾವಿಸಿ ಸಾಮ್ರಾಟ ನೆಪೋಲಿಯನ್ನನು ಎಲ್ಲರೆದುರಿಗೆ ಗದರಿಸಿದನೆಂದೂ, ವೃದ್ಧನು ಕಣ್ಣೀರು ಸುರಿಸಿದನೆಂದೂ ಅರಾಗೋ ಎಂಬ ವಿಜ್ಞಾನಿ ಬರೆದಿಟ್ಟಿದ್ದಾನೆ.

ವಿಧಿಯು ಅಷ್ಟಕ್ಕೇ ಬಿಡಲಿಲ್ಲ. ಕಣ್ಣುಗಳು ಮಂದವಾಗುತ್ತ 1818ರ ಸುಮಾರಿಗೆ ಪೂರ್ಣ ಕುರುಡುತನವು ಬಂದಿತು. ಅಕಶೇರುಕಗಳನ್ನು ಕುರಿತ ಅವನ ಏಳು ಸಂಪುಟಗಳ ಮಹಾಗ್ರಂಥವು ಆಗ ಅರ್ಧದಲ್ಲಿತ್ತು. ಮಗಳು ತಂದೆಯ ಕಣ್ಣಾದಳು. ಅವನು ಹೇಳಿದುದನ್ನು ಬರೆದುಕೊಂಡಳು. 1822ರಲ್ಲಿ ಕಡೆಯ ಸಂಪುಟವು ಹೊರಬಂದಿತು.

1829ನೆಯ ಇಸವಿ ಡಿಸೆಂಬರ್ 18ರಂದು, ತನ್ನ 85ನೆಯ ವಯಸ್ಸಿನಲ್ಲಿ ಲಾಮಾರ್ಕನು ತೀರಿಕೊಂಡನು. ಉತ್ತರಕ್ರಿಯೆಯ ಖರ್ಚಿಗೂ ಕುಟುಂಬವು ವಿಜ್ಞಾನ ಪರಿಷತ್ತಿನ ಮುಂದೆ ಕೈ ಚಾಚಬೇಕಾಯಿತು. ಕೆಲವು ವರ್ಷಗಳ ಅವಧಿಗೆ ಮಾತ್ರ ಸಿಕ್ಕುವ ಬಡವರ ಗುಂಡಿಯಲ್ಲಿ ಅವನನ್ನು ಹೂಳಿದರು. ಅವಧಿ ಮುಗಿದ ಮೇಲೆ ಎಲುಬುಗಳನ್ನು ತೆಗೆದು ಇತರರ ಎಲುಬುಗಳೊಡನೆ ಸೇರಿಸಿದರು. ಜಗತ್ತಿನ ಬೆನ್ನೆಲುಬಿಲ್ಲದ ಜೀವಿಗಳಿಗೆಲ್ಲ ಸ್ಥಾನವನ್ನು ಗೊತ್ತುಮಾಡಿದವನ ಎಲುಬುಗಳಿಗೆ ಗೊತ್ತಾದ ಸ್ಥಾನವಿಲ್ಲವಾಯಿತು. ಕ್ಯೂವಿಯೆ ಬರೆದ ಶ್ರದ್ಧಾಂಜಲಿಯಲ್ಲಿ ಹೊಗಳಿಕೆಗಿಂತ ಚುಚ್ಚುವಿಕೆಯೇ ಹೆಚ್ಚು. ಮಗಳು ಕಾರ್ನೇಲಿ ವಸ್ತುಸಂಗ್ರಹಾಲಯದಲ್ಲಿಯೇ ಒಣಗಿದ ಗಿಡಗಳನ್ನು ಕಾಗದಕ್ಕೆ ಅಂಟಿಸುವ ಅಲ್ಪವೇತನದ ಕೆಲಸದಿಂದ ಜೀವನ ಸಾಗಿಸಿದಳು.

1861ರಲ್ಲಿ ಡಾರ್ವಿನ್ನನು ತನ್ನ ಮಹಾಗ್ರಂಥದ ಮೂರನೆಯ ಮುದ್ರಣದಲ್ಲಿ ಲಾಮಾರ್ಕನನ್ನು ಗೌರವದಿಂದ ಸ್ಮರಿಸಿದನು. 1909ರಲ್ಲಿ ಪ್ಯಾರಿಸಿನ ಅದೇ ಉದ್ಯಾನದಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದರು. ಅದರ ಪೀಠದಲ್ಲಿ ಕುರುಡ ತಂದೆಯನ್ನು ಸಂತೈಸುವ ಮಗಳ ಚಿತ್ರವನ್ನೂ ಕೆತ್ತಿದ್ದಾರೆ. ಅದು ಉಚಿತವೆಂದು ನಾವು ಭಾವಿಸುತ್ತೇವೆ.

ಯಾರಿಗೂ ಬೇಡವಾದ ಕೆಲಸವು ಒಬ್ಬನ ಪಾಲಿಗೆ ಬಂದರೆ ಅದನ್ನು ಶಿಕ್ಷೆಯೆಂದು ತಿಳಿಯುವುದು ಸುಲಭ. ಐವತ್ತರ ಹೊಸ್ತಿಲಲ್ಲಿ ನಿಂತ ಒಬ್ಬ ಮಾಜಿ ಗುಮಾಸ್ತೆಯು ಅಂತಹ ಕೆಲಸವನ್ನು ಶ್ರದ್ಧೆಯಿಂದ ಹಿಡಿದು ಒಂದು ಶಾಸ್ತ್ರವನ್ನೇ ಕಟ್ಟಿದನು. ಅದಕ್ಕೆ ತಕ್ಕ ಕೂಲಿಯನ್ನು ಲೋಕವು ಅವನ ಕಾಲದಲ್ಲಿ ಕೊಡಲಿಲ್ಲ. ಆದರೂ ಇಂದು ಏಡಿಯನ್ನೂ ಜೇಡನನ್ನೂ ಬೇರೆ ಬೇರೆ ಪುಟಗಳಲ್ಲಿ ಓದುವ ಪ್ರತಿಯೊಬ್ಬ ಶಾಲಾಬಾಲಕನೂ ಅವನಿಗೆ ಋಣಿಯಾಗಿದ್ದಾನೆ.