ಅಂಕ ಕೊಡುವ ಕಿವಿ ಎಷ್ಟು ನಂಬಲರ್ಹ? ಚಾರ್ಲ್ಸ್ ಸ್ಪಿಯರ್‌ಮನ್ ಜೀವನದಿಂದ ನಾನು ಕಲಿತದ್ದು

ದಾವಣಗೆರೆಯ ಸರಸ್ವತಿ ನಗರದ ಒಂದು ಪ್ರೌಢಶಾಲೆಗೆ ನಮ್ಮ ಪ್ರಶಿಕ್ಷಣಾರ್ಥಿಗಳ ಅಭ್ಯಾಸ ಬೋಧನೆಯ ಮೇಲ್ವಿಚಾರಣೆಗೆಂದು ಹೋಗುತ್ತಿದ್ದೆ. ಒಂದು ದಿನ ಅಲ್ಲಿ ಭಾವಗೀತೆ ಸ್ಪರ್ಧೆಗೆ ಮಕ್ಕಳನ್ನು ಆರಿಸುವುದಿತ್ತು. ತೀರ್ಪಿಗೆ ಒಬ್ಬರು ಕಡಿಮೆ ಬಿದ್ದರೆಂದು ನನ್ನನ್ನೂ ಕೂರಿಸಿದರು. ನನಗೆ ಸಂಗೀತ ಕೇಳುವ ಹವ್ಯಾಸವಿದೆ, ಕಲಿತ ಸಂಗೀತವಿಲ್ಲ. ಪಕ್ಕದಲ್ಲಿ ಕುಳಿತ ಸಂಗೀತ ಮೇಷ್ಟ್ರು ಕಲಿತವರು. ಎಂಟು ಮಕ್ಕಳು ಹಾಡಿದರು. ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ 1ರಿಂದ 8ರವರೆಗೆ ಸ್ಥಾನ ಬರೆದೆವು, ಸ್ಥಾನಗಳನ್ನು ಕೂಡಿಸಿ ಮೊದಲ ಮೂವರನ್ನು ಆರಿಸಿದೆವು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಮೇಷ್ಟ್ರು 3ನೆಯ ಸ್ಥಾನ ಕೊಟ್ಟಿದ್ದರು, ನಾನು 6ನೆಯದು. ಅವಳು ಆಯ್ಕೆಯಾಗಲಿಲ್ಲ.

ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ತಮ್ಮ ವರದಿಗಾಗಿ ಎಲ್ಲ ಹಾಡುಗಳನ್ನೂ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. ವಾರ ಕಳೆದ ಮೇಲೆ ನಾನು ಅವರಿಂದ ಹಾಡುಗಳ ಕ್ರಮ ಬದಲಿಸಿ, ಹೆಸರು ಹೇಳದೆ, ಒಂದೊಂದಾಗಿ ಹಾಕಿಸಿಕೊಂಡು ಮತ್ತೆ ಸ್ಥಾನ ಬರೆದೆ. ಉಳಿದ ಮಕ್ಕಳ ಸ್ಥಾನ ಒಂದಕ್ಕಿಂತ ಹೆಚ್ಚು ಕದಲಲಿಲ್ಲ. ಆ ಹುಡುಗಿ ಮಾತ್ರ 6ರಿಂದ 2ಕ್ಕೆ ಬಂದಳು. ಅದೇ ಹಾಡು, ಅದೇ ಕಿವಿ. ಮೊದಲ ದಿನ ಅವಳು ಹಾಡಿದ್ದು ಶಾಲೆಯಲ್ಲೇ ದೊಡ್ಡ ಕಂಠದ ಹುಡುಗನ ಹಿಂದೆಯೇ. ಅವನ ಹಾಡಿನ ಗುಂಗಿನಲ್ಲಿದ್ದ ನನಗೆ ಅವಳ ಮೆಲುದನಿ ಸಪ್ಪೆಯಾಗಿ ಕೇಳಿಸಿತ್ತು. ಅಷ್ಟು ಹೊತ್ತಿಗೆ ಆಯ್ಕೆಯಾದ ಮಕ್ಕಳ ಹೆಸರು ಶಾಲೆಯಿಂದ ಹೋಗಿಯಾಗಿತ್ತು.

ಆ ರಾತ್ರಿ ನನಗೆ ನೆನಪಾದವರು ಸ್ಪಿಯರ್‌ಮನ್. ಬಿ.ಇಡಿ. ಓದುವಾಗ ಅವರನ್ನು ಮೂರು ಕಡೆ ಕಂಠಪಾಠ ಮಾಡಿದ್ದೆ: ಬುದ್ಧಿಶಕ್ತಿಯ ದ್ವಿ ಅಂಶ ಸಿದ್ಧಾಂತ, ಸ್ಥಾನ ಸಹಸಂಬಂಧ, ವಿಶ್ವಸನೀಯತೆಯ ಅರ್ಧ ವಿಭಜನಾ ವಿಧಾನ. ಮೂರೂ ಬೇರೆ ಬೇರೆ ಘಟಕದಲ್ಲಿದ್ದುದರಿಂದ ಈ ಮೂರರ ಹಿಂದೆ ಒಬ್ಬನೇ ಮನುಷ್ಯನ ಒಂದೇ ಚಿಂತೆ ಇದೆಯೆಂದು ಹೊಳೆದಿರಲಿಲ್ಲ. ಆ ಚಿಂತೆ ಶುರುವಾದದ್ದು ಮಕ್ಕಳ ಕಿವಿಯಿಂದ ಎಂಬುದೂ ತಿಳಿದಿರಲಿಲ್ಲ.

ಸೈನಿಕನ ಸಮವಸ್ತ್ರದಿಂದ ವಿದ್ಯಾರ್ಥಿಯ ಬೆಂಚಿಗೆ

ಚಾರ್ಲ್ಸ್ ಎಡ್ವರ್ಡ್ ಸ್ಪಿಯರ್‌ಮನ್ ಹುಟ್ಟಿದ್ದು 1863ರ ಸೆಪ್ಟೆಂಬರ್ 10ರಂದು, ಲಂಡನ್ನಿನಲ್ಲಿ. ಎಳೆಯ ವಯಸ್ಸಿನಿಂದಲೇ ತತ್ತ್ವಶಾಸ್ತ್ರದ ಹುಚ್ಚು. ಆದರೂ ಸೇರಿದ್ದು ಬ್ರಿಟಿಷ್ ಸೈನ್ಯಕ್ಕೆ. ಬರ್ಮಾ ಯುದ್ಧದಲ್ಲಿ ಸೇವೆ ಸಲ್ಲಿಸಿ ಪದಕ ಪಡೆದರು. ಮುಂದೆ ತಮ್ಮ ಬದುಕನ್ನು ಹಿಂದಿರುಗಿ ನೋಡಿದಾಗ ಸೈನ್ಯದ ವರ್ಷಗಳನ್ನು ಅವರು ವ್ಯರ್ಥವಾದ ಕಾಲವೆಂದೇ ಎಣಿಸಿದರು. 1897ರಲ್ಲಿ, 34ನೆಯ ವಯಸ್ಸಿನಲ್ಲಿ, ಕೆಲಸಕ್ಕೆ ರಾಜೀನಾಮೆ ಕೊಟ್ಟು ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ ವಿಲ್‌ಹೆಲ್ಮ್ ವುಂಟ್ ಅವರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯಾದರು.

ಓದು ನೆಟ್ಟಗೆ ಸಾಗಲಿಲ್ಲ. ಬೋಯರ್ ಯುದ್ಧ ಬಂದಾಗ 1900ರಲ್ಲಿ ಸೈನ್ಯ ಮತ್ತೆ ಕರೆಸಿಕೊಂಡು ಗರ್ನ್ಸಿ ದ್ವೀಪದಲ್ಲಿ ಕೆಲಸಕ್ಕೆ ಹಾಕಿತು. ಅಲ್ಲೇ ಮದುವೆಯಾಯಿತು. ಯುದ್ಧ ಮುಗಿದ ಮೇಲೆ ಲೈಪ್‌ಜಿಗ್‌ಗೆ ಹಿಂದಿರುಗುವ ಮೊದಲು ಇಂಗ್ಲೆಂಡಿನ ಬರ್ಕ್‌ಶೈರ್ ಸೀಮೆಯ ಹಳ್ಳಿಯೊಂದರಲ್ಲಿ ಇದ್ದರು. ಕೈಯಲ್ಲಿ ಪದವಿಯಿಲ್ಲ, ಹುದ್ದೆಯಿಲ್ಲ, ಪ್ರಯೋಗಾಲಯವೂ ಇಲ್ಲ. ಪಕ್ಕದಲ್ಲಿ ಹಳ್ಳಿ ಶಾಲೆ ಇತ್ತು. ನಡುವಯಸ್ಸಿನಲ್ಲಿ ನೌಕರಿ ಬಿಟ್ಟು ಬಿ.ಇಡಿ. ಸೇರಿದ ನಮ್ಮ ಕೆಲವು ಮಿತ್ರರಿಗೆ ಈ ಭಾಗ ತಮ್ಮದೇ ಕಥೆಯಂತೆ ಕಾಣಬಹುದು.

ಒಂದು ತಂತಿ, ಇಪ್ಪತ್ತನಾಲ್ಕು ಮಕ್ಕಳು

ಆ ಶಾಲೆಯ ಹಿರಿಯ 24 ಮಕ್ಕಳನ್ನು ಸ್ಪಿಯರ್‌ಮನ್ ಆರಿಸಿಕೊಂಡರು. ಬೆಳಕಿನ ವ್ಯತ್ಯಾಸ, ತೂಕದ ವ್ಯತ್ಯಾಸ, ಸ್ವರದ ವ್ಯತ್ಯಾಸ ಈ ಮೂರನ್ನು ಯಾವ ಮಗು ಎಷ್ಟು ಸೂಕ್ಷ್ಮವಾಗಿ ಗುರುತಿಸುತ್ತದೆ ಎಂದು ಅಳೆದರು. ಸ್ವರಕ್ಕೆ ಬಳಸಿದ್ದು ಒಂದೇ ತಂತಿಯ ಉಪಕರಣ. ನಮ್ಮ ತತ್ತ್ವಪದಕಾರರ ಏಕತಾರಿ ನೆನಪಿಸಿಕೊಳ್ಳಿ. ಆದರೆ ಇದರಲ್ಲಿ ಕುದುರೆಯನ್ನು ಸರಿಸಿ ತಂತಿಯ ಉದ್ದವನ್ನು ಅಳತೆಪಟ್ಟಿಯ ಮೇಲೆ ಓದಬಹುದು. ಎರಡು ಸ್ವರ ಕೇಳಿಸಿ ಯಾವುದು ಮೇಲು ಎಂದು ಕೇಳುವುದು, ಅಂತರವನ್ನು ಕಿರಿದು ಮಾಡುತ್ತಾ ಹೋಗುವುದು. ಇನ್ನೊಂದು ಕಡೆ, ಯಾವ ಮಗು ಜಾಣ ಎಂದು ಮೇಷ್ಟ್ರ ಅಭಿಪ್ರಾಯ ಪಡೆದರು. ಶಾಲೆಯ ಹೊರಗಿನ ಜಾಣತನದ ಬಗ್ಗೆ ಮಕ್ಕಳಲ್ಲೇ ಹಿರಿಯರಾದ ಇಬ್ಬರನ್ನು ಕೇಳಿದರು. ಆಮೇಲೆ ಶ್ರೀಮಂತ ಮನೆತನದ ಹುಡುಗರ ಶಾಲೆಯೊಂದರಲ್ಲಿ ಇದೇ ಕೆಲಸ ಮುಂದುವರಿಸಿ, ಪಠ್ಯ ವಿಷಯಗಳಲ್ಲಿ ಅವರ ಸ್ಥಾನಗಳನ್ನೂ ಸಂಗೀತದಲ್ಲಿನ ಸ್ಥಾನವನ್ನೂ ಸೇರಿಸಿದರು.

1904ರಲ್ಲಿ ಎರಡು ಪ್ರಬಂಧಗಳು ಹೊರಬಂದವು. ಎರಡನೆಯದರಲ್ಲಿ ಒಂದು ಪ್ರಸಿದ್ಧ ಕೋಷ್ಟಕವಿದೆ. ಗ್ರೀಕ್–ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್, ಗಣಿತ, ಸ್ವರಭೇದ ಗ್ರಹಿಕೆ, ಸಂಗೀತ ಈ ಆರರ ನಡುವಿನ ಸಹಸಂಬಂಧ. ಎಲ್ಲವೂ ಧನಾತ್ಮಕ. ಇದರಿಂದಲೇ ಎಲ್ಲ ಕೆಲಸಕ್ಕೂ ಬೇಕಾದ ಒಂದು ಸಾಮಾನ್ಯ ಅಂಶ ಮತ್ತು ಆಯಾ ಕೆಲಸಕ್ಕೆ ಬೇಕಾದ ವಿಶಿಷ್ಟ ಅಂಶ ಎಂಬ ಸಿದ್ಧಾಂತ ಹುಟ್ಟಿತು. ಪರೀಕ್ಷೆಗೆ ನಾವು ಓದುವುದು ಇಷ್ಟು.

ಆ ಕೋಷ್ಟಕದ ಎರಡು ಅಂಕಿಗಳನ್ನು ನಾನು ಈಗ ಪ್ರತಿ ತಂಡಕ್ಕೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಸ್ವರಭೇದ ಗ್ರಹಿಕೆಗೂ ಗ್ರೀಕ್–ಲ್ಯಾಟಿನ್‌ಗೂ ಇರುವ ಸಹಸಂಬಂಧ 0.66. ಸ್ವರಭೇದ ಗ್ರಹಿಕೆಗೂ ಸಂಗೀತಕ್ಕೂ ಇರುವುದು ಕೇವಲ 0.40. ಸ್ವರವನ್ನು ಸೂಕ್ಷ್ಮವಾಗಿ ಗುರುತಿಸುವ ಮಗು ಸಂಗೀತಕ್ಕಿಂತ ಭಾಷಾಪಾಠದಲ್ಲಿ ಮುಂದಿರುವುದೇ? ಇದಕ್ಕೆ ಹಲವು ಉತ್ತರಗಳು ಸಾಧ್ಯ. ಕಿವಿಯ ಸೂಕ್ಷ್ಮತೆ ಬೇರೆ, ಸಂಗೀತ ಬೇರೆ ಎನ್ನಬಹುದು. ಸಂಗೀತದಲ್ಲಿ ಸ್ಥಾನ ಕೊಟ್ಟ ತೀರ್ಪೇ ಅಲುಗಾಡುತ್ತಿತ್ತು ಎಂದೂ ಹೇಳಬಹುದು. ಈ ಎರಡನೆಯ ಉತ್ತರದ ದಾರಿಯಲ್ಲಿ ಸ್ಪಿಯರ್‌ಮನ್ ಬಹಳ ದೂರ ಹೋದರು.

ತಪ್ಪನ್ನೇ ಅಳೆಯುವ ವಿದ್ಯೆ

ಅದೇ ವರ್ಷದ ಮೊದಲ ಪ್ರಬಂಧದ ತಿರುಳು ಇದು: ಅಳತೆ ತಾನೇ ಅಲುಗಾಡುತ್ತಿದ್ದರೆ ಎರಡು ಗುಣಗಳ ನಡುವಿನ ನಿಜವಾದ ಸಂಬಂಧ ಇದ್ದುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಆದ್ದರಿಂದ ಮೊದಲು ಒಂದೇ ವಸ್ತುವನ್ನು ಎರಡು ಸಲ ಅಳೆಯಬೇಕು. ಎರಡು ಅಳತೆಗಳು ತಮ್ಮೊಳಗೆ ಎಷ್ಟು ಹೊಂದುತ್ತವೆ ಎಂದು ನೋಡಬೇಕು. ಆಮೇಲೆ ಆ ಕೊರತೆಯನ್ನು ಲೆಕ್ಕದಲ್ಲಿ ತುಂಬಬೇಕು. 1910ರಲ್ಲಿ ಸ್ಪಿಯರ್‌ಮನ್ ಮತ್ತು ವಿಲಿಯಂ ಬ್ರೌನ್ ಪ್ರತ್ಯೇಕವಾಗಿ ಒಂದೇ ಸೂತ್ರವನ್ನು ಪ್ರಕಟಿಸಿದರು. ಪರೀಕ್ಷೆಯನ್ನು ಉದ್ದ ಮಾಡಿದರೆ ವಿಶ್ವಸನೀಯತೆ ಎಷ್ಟು ಏರುತ್ತದೆ ಎಂದು ಅದು ಹೇಳುತ್ತದೆ. ಪ್ರಶ್ನೆಗಳ ಸಂಖ್ಯೆಯ ಜಾಗದಲ್ಲಿ ತೀರ್ಪುಗಾರರ ಸಂಖ್ಯೆಯನ್ನಿಟ್ಟರೂ ಅದೇ ಸೂತ್ರ ನಡೆಯುತ್ತದೆ.

ನನ್ನ ಹಾಳೆಗೂ ಮೇಷ್ಟ್ರ ಹಾಳೆಗೂ ಇದನ್ನು ಹಚ್ಚಿ ನೋಡಿದೆ. ನಾನು ಕ್ರಮವಾಗಿ 1, 2, 3, 4, 5, 6, 7, 8 ಕೊಟ್ಟ ಮಕ್ಕಳಿಗೆ ಅವರು ಕೊಟ್ಟದ್ದು 4, 1, 6, 2, 8, 3, 5, 7. ಪ್ರತಿ ಜೋಡಿಯ ವ್ಯತ್ಯಾಸವನ್ನು ವರ್ಗ ಮಾಡಿ ಕೂಡಿದರೆ 46. ಅದನ್ನು 6ರಿಂದ ಗುಣಿಸಿದರೆ 276. ಮಕ್ಕಳ ಸಂಖ್ಯೆ 8ನ್ನು, ಅದರ ವರ್ಗದಿಂದ ಒಂದು ಕಳೆದ 63ರಿಂದ ಗುಣಿಸಿದರೆ 504. 276ನ್ನು 504ರಿಂದ ಭಾಗಿಸಿ 1ರಿಂದ ಕಳೆದರೆ ಸುಮಾರು 0.45. ಇದು ನಮ್ಮಿಬ್ಬರ ಹೊಂದಾಣಿಕೆ. ನಾನು ನನ್ನೊಂದಿಗೇ, ಅಂದರೆ ಮೊದಲ ದಿನದ ನಾನು ವಾರದ ನಂತರದ ನನ್ನೊಂದಿಗೆ, ಹೊಂದಿದ್ದು 0.76.

ಈಗ ಸೂತ್ರ. ಒಬ್ಬ ತೀರ್ಪುಗಾರನ ವಿಶ್ವಸನೀಯತೆ 0.45 ಎಂದುಕೊಂಡರೆ, ಇಬ್ಬರ ಒಟ್ಟು ತೀರ್ಪಿನದು 0.62, ಮೂವರದು 0.71, ನಾಲ್ವರದು 0.77. ಮೊದಲ ಇಬ್ಬರು ಸೇರಿದಾಗ ಆಗುವ ಲಾಭ ದೊಡ್ಡದು, ಆಮೇಲೆ ಕಿರಿದಾಗುತ್ತದೆ. ಇದಕ್ಕೆ ಒಂದು ಷರತ್ತಿದೆ. ತೀರ್ಪುಗಾರರು ಒಬ್ಬರ ಹಾಳೆ ಇನ್ನೊಬ್ಬರು ನೋಡಬಾರದು, ಹಾಡಿನ ನಡುವೆ ತಲೆದೂಗಿ ಸನ್ನೆ ಮಾಡಬಾರದು. ಹಾಗೆ ಮಾಡಿದರೆ ನಾಲ್ವರು ಕುಳಿತರೂ ಕೆಲಸ ಮಾಡುವುದು ಒಂದೇ ಕಿವಿ. ಎಂಟೇ ಮಕ್ಕಳ ಲೆಕ್ಕವಾದ್ದರಿಂದ ನನ್ನ ಈ ಅಂಕಿಗಳೂ ಗಟ್ಟಿಯಲ್ಲ ಎಂಬುದನ್ನು ಮರೆಯಬಾರದು.

ಅಮೆರಿಕದಲ್ಲಿ ಕಾರ್ಲ್ ಸೀಶೋರ್ 1919ರಲ್ಲಿ ಗ್ರಾಮಫೋನ್ ತಟ್ಟೆಗಳ ಮೇಲೆ ಸಂಗೀತ ಅಭಿಕ್ಷಮತೆಯ ಪರೀಕ್ಷೆಗಳನ್ನು ಹೊರತಂದರು. ಸ್ವರ, ಗಾತ್ರ, ಕಾಲ, ಸ್ವರಮೈತ್ರಿ, ಸ್ಮರಣೆ ಇವುಗಳನ್ನು ಅವು ಅಳೆಯುತ್ತಿದ್ದವು. ಇವುಗಳಲ್ಲಿ ಎರಡು ಸ್ವರ ಒಟ್ಟಿಗೆ ಹಿತವಾಗಿವೆಯೇ ಎಂದು ಕೇಳುವ ಸ್ವರಮೈತ್ರಿಯ ಪರೀಕ್ಷೆಯನ್ನು 1939ರ ಪರಿಷ್ಕರಣೆಯಲ್ಲಿ ಕೈಬಿಟ್ಟರು. ಯಾವ ಸ್ವರ ಮೇಲು ಎಂಬುದಕ್ಕೆ ಸರಿ ಉತ್ತರವಿದೆ. ಯಾವುದು ಹಿತ ಎಂಬುದಕ್ಕೆ ಅಂಥ ಉತ್ತರ ಸಿಗುವುದು ಕಷ್ಟ. ಭಾವಗೀತೆಯ ತೀರ್ಪು ಹಾಳೆಯಲ್ಲಿ ಶ್ರುತಿ, ತಾಳ ಎಂಬ ಅಂಕಣಗಳ ಪಕ್ಕದಲ್ಲೇ ಭಾವ ಎಂಬ ಅಂಕಣವನ್ನೂ ಇಡುವ ನಮಗೆ ಇದು ನೇರವಾಗಿ ತಟ್ಟುವ ಮಾತು.

ಮೈಸೂರಿಗೆ ಬಂದ ದಾರಿ

ಸ್ಪಿಯರ್‌ಮನ್ 1906ರಲ್ಲಿ ಡಾಕ್ಟರೇಟ್ ಪಡೆದು, 1907ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಸೇರಿ, 1931ರವರೆಗೆ ಅಲ್ಲೇ ಕಲಿಸಿದರು. ಅಲ್ಲಿ ಅವರ ಬಳಿ ಸಂಶೋಧನೆ ಮಾಡಿದವರಲ್ಲಿ ಎಂ.ವಿ. ಗೋಪಾಲಸ್ವಾಮಿ ಒಬ್ಬರು. ಹಿಂದಿರುಗಿ ಬಂದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನದ ವಿಭಾಗವನ್ನು ಕಟ್ಟಿದವರು ಅವರು. 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣ ಬಾನುಲಿ ಕೇಂದ್ರ ತೆರೆದರು. ಅದರ ಹೆಸರೇ ಆಕಾಶವಾಣಿ. ಮನಸ್ಸನ್ನು ಅಳೆಯುವ ವಿದ್ಯೆ ಕಲಿತು ಬಂದವರೇ ಕನ್ನಡದ ಮನೆಮನೆಗೆ ದನಿ ತಲುಪಿಸುವ ಕೆಲಸಕ್ಕೂ ಕೈಹಾಕಿದರು ಎಂಬುದು ನನಗೆ ಇಷ್ಟವಾದ ಸಂಗತಿ. ನಮ್ಮ ಬಿ.ಇಡಿ. ಪಠ್ಯದ ಮಾಪನದ ಪಾಠ ದೂರದ ಪುಸ್ತಕದಿಂದಷ್ಟೇ ಬಂದದ್ದಲ್ಲ, ಮೈಸೂರಿನ ಮೂಲಕವೂ ನಡೆದು ಬಂದಿದೆ.

ಅಳೆದವನ ಅಳತೆ

ಸ್ಪಿಯರ್‌ಮನ್ ಅವರನ್ನು ದೇವರ ಪಟದಂತೆ ತೂಗುಹಾಕಬೇಕಿಲ್ಲ. ಅವರ ತಿದ್ದುಪಡಿ ಲೆಕ್ಕದಲ್ಲಿ ಸಹಸಂಬಂಧ ಕೆಲವೊಮ್ಮೆ 1ನ್ನೂ ಮೀರುತ್ತದೆ, ಇದು ಅಸಾಧ್ಯವೆಂದು ಕಾರ್ಲ್ ಪಿಯರ್ಸನ್ ಆಗಲೇ ಆಕ್ಷೇಪಿಸಿದ್ದರು. 1985ರಲ್ಲಿ ರೇಮಂಡ್ ಫ್ಯಾಂಚರ್ ಆ ಹಳ್ಳಿ ಶಾಲೆಯ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದಾಗ 1904ರಲ್ಲಿ ಅಚ್ಚಾದ ಫಲಿತಾಂಶಗಳೊಂದಿಗೆ ಹಲವು ತಾಳೆಯಾಗಲಿಲ್ಲ. ತಪ್ಪನ್ನು ಅಳೆಯಲು ಕಲಿಸಿದವರ ಲೆಕ್ಕದಲ್ಲೇ ತಪ್ಪಿತ್ತು. ಇನ್ನೂ ಗಂಭೀರವಾದದ್ದು 1912ರದು. ಬರ್ನಾರ್ಡ್ ಹಾರ್ಟ್ ಜೊತೆ ಬರೆದ ಲೇಖನದಲ್ಲಿ, ಮತದಾನಕ್ಕೂ ಮಕ್ಕಳನ್ನು ಹೆರುವ ಹಕ್ಕಿಗೂ ಕನಿಷ್ಠ ಬುದ್ಧಿಮಟ್ಟದ ಮಾನದಂಡ ಇಡಬಹುದೆಂಬ ಯೋಚನೆಯನ್ನು ಅವರು ಮುಂದಿಟ್ಟರು. ಅಳತೆ ಅಲುಗಾಡುತ್ತದೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವರೇ ಅಳತೆಯ ಮೇಲೆ ಮನುಷ್ಯರ ಬದುಕನ್ನು ನಿಲ್ಲಿಸಲು ಹೊರಟಿದ್ದರು.

ಅವರ ಕೊನೆಯ ವರ್ಷಗಳು ನೋವಿನವು. 1941ರಲ್ಲಿ ಮಗ ಕ್ರೀಟ್ ದ್ವೀಪದ ಯುದ್ಧದಲ್ಲಿ ತೀರಿಕೊಂಡ. 1945ರ ಸೆಪ್ಟೆಂಬರ್ 17ರಂದು, 82ನೆಯ ವಯಸ್ಸಿನಲ್ಲಿ, ಸ್ಪಿಯರ್‌ಮನ್ ಲಂಡನ್ನಿನಲ್ಲಿ ನಿಧನರಾದರು.

ಮತ್ತೆ ಸರಸ್ವತಿ ನಗರಕ್ಕೆ

ನಾನು ಆ ಶಾಲೆಗೆ ಹೋಗಿ ಸಂಗೀತ ಮೇಷ್ಟ್ರ ಮುಂದೆ ಎರಡೂ ಹಾಳೆ ಇಟ್ಟೆ. ನನ್ನ ಹೊಸ ಸ್ಥಾನದ ಪ್ರಕಾರ ಹುಡುಗಿ ಮೊದಲ ಮೂವರಲ್ಲಿ ಬರುತ್ತಿದ್ದಳು, ಆಯ್ಕೆಯಾಗಿದ್ದ ಹುಡುಗನೊಬ್ಬ ನಾಲ್ಕಕ್ಕೆ ಇಳಿಯುತ್ತಿದ್ದ. ಅವರು ಕೆಲ ಹೊತ್ತು ಸುಮ್ಮನಿದ್ದು ಹುಡುಗಿಯನ್ನು ಕರೆಸಿದರು. ಅವಳ ಹಾಡಿನಲ್ಲಿ ಕೊರತೆ ಇರಲಿಲ್ಲ, ನನ್ನ ಕೇಳುವಿಕೆಯಲ್ಲಿತ್ತು ಎಂದು ಅವಳಿಗೆ ಹೇಳಿದೆ. ಹಾಗಾದರೆ ಆ ಹುಡುಗನನ್ನು ಕೈಬಿಡುತ್ತೀರಾ ಎಂದು ಅವಳು ಕೇಳಿದಳು. ಇಲ್ಲ ಎಂದೆ. ತಲೆಯಾಡಿಸಿ ತರಗತಿಗೆ ಹೋದಳು. ಅವಳಿಗೆ ಸಮಾಧಾನವಾಯಿತೋ ಇಲ್ಲವೋ ನಾನು ಹೇಳಲಾರೆ. ಅವಳಿಗೆ ಹಾಡಲು ಬರುವುದಿಲ್ಲ ಎಂಬ ಭಾವನೆಯಾದರೂ ಉಳಿಯಬಾರದು ಎಂದಷ್ಟೇ ನನ್ನ ಆಸೆ.

ಅಂದಿನಿಂದ ನಮ್ಮ ಅಭ್ಯಾಸ ಬೋಧನೆಯ ಶಾಲೆಗಳಲ್ಲಿ ಹಾಡಿನ ಆಯ್ಕೆಗೆ ಕೂತಾಗಲೆಲ್ಲ ನಾಲ್ಕು ಕೆಲಸ ಮಾಡುತ್ತೇವೆ. ಕನಿಷ್ಠ ಮೂವರು ತೀರ್ಪುಗಾರರು, ಪ್ರತ್ಯೇಕ ಹಾಳೆ. ಎಲ್ಲ ಮಕ್ಕಳಿಗೂ ಹಾಡುವ ಮೊದಲು ಅವರವರ ಶ್ರುತಿ ಕೇಳಿಸುವುದು. ಎರಡು ಸುತ್ತು, ಎರಡನೆಯ ಸುತ್ತಿನಲ್ಲಿ ಹಾಡುವ ಕ್ರಮ ತಿರುವುಮುರುವು. ಫಲಿತಾಂಶ ಹೇಳುವ ಮೊದಲು ತೀರ್ಪುಗಾರರ ಸ್ಥಾನ ಸಹಸಂಬಂಧ ತೆಗೆಯುವುದು, ತೀರಾ ಕಡಿಮೆಯಿದ್ದರೆ ಆಯ್ಕೆಯನ್ನು ತಡೆದು ಮತ್ತೆ ಹಾಡಿಸುವುದು. ಎಲ್ಲರೂ ಒಪ್ಪಿದ ಮಾತ್ರಕ್ಕೆ ತೀರ್ಪು ಸರಿಯೆಂದೂ ಅಲ್ಲ. ಮೂವರೂ ಕಂಠದ ಗಾತ್ರಕ್ಕೇ ಮರುಳಾಗಿರಬಹುದು. ವಿಶ್ವಸನೀಯತೆ ಇದ್ದರೂ ಸಪ್ರಮಾಣತೆ ಇಲ್ಲದಿರಬಹುದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವಲ್ಲ, ಅದು ಇದೇ.

ಪ್ರಶಿಕ್ಷಣಾರ್ಥಿ ಮಿತ್ರರು ಮುಂದಿನ ಅಭ್ಯಾಸ ಬೋಧನೆಯಲ್ಲಿ ಇದನ್ನು ಒಮ್ಮೆ ಮಾಡಿ ನೋಡಲಿ. ಹಾಡೇ ಆಗಬೇಕಿಲ್ಲ, ಹತ್ತು ಪ್ರಬಂಧ ಅಥವಾ ಹತ್ತು ಚಿತ್ರವಾದರೂ ಸರಿ. ಇಂದು ಸ್ಥಾನ ಕೊಟ್ಟು ಹಾಳೆ ಮಡಚಿಡಿ, ವಾರದ ಮೇಲೆ ಹೆಸರು ಮುಚ್ಚಿ ಮತ್ತೆ ಕೊಡಿ. ಎರಡನ್ನೂ ಎದುರಿಟ್ಟು ಲೆಕ್ಕ ಹಾಕಿ. ಯಾವ ಮಗುವಿನ ಸ್ಥಾನ ಹೆಚ್ಚು ಕದಲಿತು ಎಂದು ಹುಡುಕಿ, ಆ ಮಗುವಿನ ಬಳಿ ಹೋಗಿ ಇನ್ನೊಮ್ಮೆ ಕುಳಿತು ಕೇಳಿ.