ಹಲ್ಲಿನ ಸಂದಿಯಲ್ಲಿ ಹೊಸ ಲೋಕ ಕಂಡ ಬಟ್ಟೆ ವ್ಯಾಪಾರಿ

ಬಹುದಿನ ತೊಳೆಯದ ನೀರಿನ ತೊಟ್ಟಿಯ ಒಳಗೋಡೆಗೆ ಕೈ ತಾಕಿದರೆ ಜಾರುವ ಲೋಳೆ, ಬೆಳಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆಗೆ ತಿಳಿಯುವ ಅಂಟು. ಇವೆರಡೂ ಮೂಲತಃ ಒಂದೇ. ಬ್ಯಾಕ್ಟೀರಿಯಾಗಳು ಒಂದು ಮೇಲ್ಮೈಗೆ ಅಂಟಿಕೊಂಡು, ತಮ್ಮ ಸುತ್ತ ತಾವೇ ಸ್ರವಿಸಿದ ಲೋಳೆಯ ಕೋಟೆ ಕಟ್ಟಿಕೊಂಡು ಬಾಳುವ ವಸಾಹತು ಅದು. ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಅಥವಾ ಜೈವಿಕ ಪದರ ಎನ್ನುತ್ತಾರೆ. ಈ ಲೋಳೆಯನ್ನು ಮೊಟ್ಟಮೊದಲು ಮಸೂರದ ಮುಂದಿಟ್ಟು, ಅದರೊಳಗಿನ ಜೀವಿಗಳನ್ನು ಕಂಡು ವರ್ಣಿಸಿದ ಕೀರ್ತಿ ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತದ ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವನ್‌ಹುಕ್ ಅವರದು.

ಲೀವನ್‌ಹುಕ್ ಜನಿಸಿದ್ದು 1632ರ ಅಕ್ಟೋಬರ್ 24ರಂದು, ಡೆಲ್ಫ್ಟ್ ಪಟ್ಟಣದಲ್ಲಿ. ತಂದೆ ಬುಟ್ಟಿ ಹೆಣೆಯುವ ಕಸುಬಿನವರು. ಮಗ ಇನ್ನೂ ಚಿಕ್ಕವನಿರುವಾಗಲೇ ಅವರು ತೀರಿಕೊಂಡರು. 16ನೆಯ ವಯಸ್ಸಿಗೆ ಆಮ್‌ಸ್ಟರ್‌ಡ್ಯಾಮ್‌ನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದ ಲೀವನ್‌ಹುಕ್ 1654ರಲ್ಲಿ ಹುಟ್ಟೂರಿಗೆ ಮರಳಿ, ವಿವಾಹವಾಗಿ, ಸ್ವಂತ ಅಂಗಡಿ ತೆರೆದರು. ಮೊದಲ ಪತ್ನಿಯಲ್ಲಿ ಹುಟ್ಟಿದ ಐದು ಮಕ್ಕಳಲ್ಲಿ ಉಳಿದದ್ದು ಮಗಳು ಮರಿಯಾ ಮಾತ್ರ.

1660ರಲ್ಲಿ ಪಟ್ಟಣದ ಅಧಿಕಾರಿಗಳ ಸಭಾಗೃಹದ ಪಾರುಪತ್ಯ ಅವರ ಪಾಲಿಗೆ ಬಂತು. ಮುಂದೆ ಭೂಮಾಪಕರಾಗಿ, ಮದ್ಯದ ಪೀಪಾಯಿಗಳ ಅಳತೆಗಾರರಾಗಿಯೂ ದುಡಿದರು. ಅದೇ ಊರಿನಲ್ಲಿ ಅದೇ ವರ್ಷ ಹುಟ್ಟಿದ ಚಿತ್ರಕಾರ ವರ್ಮೀರ್ ಸಾಲದಲ್ಲಿ ಮುಳುಗಿ ಮರಣ ಹೊಂದಿದಾಗ, ಆತನ ಆಸ್ತಿಯ ವಿಲೇವಾರಿಯನ್ನು 1676ರಲ್ಲಿ ಪಟ್ಟಣದ ಆಡಳಿತ ಒಪ್ಪಿಸಿದ್ದು ಇದೇ ಲೀವನ್‌ಹುಕ್‌ಗೆ. ಊರಿನ ವಿಶ್ವಾಸಕ್ಕೆ ಪಾತ್ರರಾದ ಗೃಹಸ್ಥ, ಲೆಕ್ಕಾಚಾರದ ಮನುಷ್ಯ ಎಂಬುದಷ್ಟೇ ನೆರೆಹೊರೆಗೆ ಗೊತ್ತಿದ್ದ ಪರಿಚಯ.

ಅಂಗೈಯಲ್ಲಿ ಅಡಗುವ ಉಪಕರಣ

ನೂಲಿನ ಗುಣಮಟ್ಟ ಪರೀಕ್ಷಿಸಲು ಬಟ್ಟೆ ವ್ಯಾಪಾರಿಗಳು ಭೂತಗನ್ನಡಿ ಬಳಸುತ್ತಿದ್ದ ಕಾಲವದು. ಲೀವನ್‌ಹುಕ್ ತಾವೇ ಗಾಜನ್ನು ಕರಗಿಸಿ, ಉಜ್ಜಿ, ಸಾಸಿವೆ ಕಾಳಿನಂಥ ಮಸೂರಗಳನ್ನು ಸಿದ್ಧಪಡಿಸತೊಡಗಿದರು. ಎರಡು ಪುಟ್ಟ ಲೋಹದ ತಗಡುಗಳ ನಡುವೆ ಒಂದೇ ಮಸೂರ, ಅದರೆದುರು ವಸ್ತುವನ್ನು ಚುಚ್ಚಿಡಲು ಒಂದು ಸೂಜಿಮೊನೆ, ಹೊಂದಿಸಲು ಸ್ಕ್ರೂಗಳು, ಉಪಕರಣವೆಂದರೆ ಇಷ್ಟೇ. ಅದನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ಬೆಳಕಿನತ್ತ ನೋಡಬೇಕಿತ್ತು. ಇಂದಿಗೆ ಉಳಿದಿರುವವುಗಳಲ್ಲಿ ಅತ್ಯುತ್ತಮವಾದುದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ.

1673ರಲ್ಲಿ ಡೆಲ್ಫ್ಟ್‌ನ ವೈದ್ಯ ರೈನಿಯರ್ ಡಿ ಗ್ರಾಫ್ ಈ ವ್ಯಾಪಾರಿಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪರಿಚಯಿಸಿದರು. ಅಂದಿನಿಂದ ಐವತ್ತು ವರ್ಷ ಪತ್ರಗಳ ಪ್ರವಾಹವೇ ಹರಿಯಿತು. ಪಂಡಿತರ ಭಾಷೆಯಾದ ಲ್ಯಾಟಿನ್ ಅವರಿಗೆ ಬಾರದು. ಬರೆದದ್ದೆಲ್ಲ ಊರಿನ ಡಚ್ ಭಾಷೆಯಲ್ಲಿ. ಮೆಣಸಿನ ಖಾರಕ್ಕೆ ಕಾರಣ ಹುಡುಕಲು ಕಾಳುಮೆಣಸನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿದ ಅವರು, 1676ರಲ್ಲಿ ಆ ನೀರಿನಲ್ಲಿ ಹಿಂದೆಂದೂ ಯಾರೂ ಕಾಣದಷ್ಟು ಕಿರಿದಾದ ಜೀವಿಗಳನ್ನು ಕಂಡರು. ಲಂಡನ್ನಿನ ಪಂಡಿತರಿಗೆ ನಂಬಿಕೆ ಬರಲಿಲ್ಲ. ಲೀವನ್‌ಹುಕ್ ಎದೆಗುಂದದೆ, ಆ ಜೀವಿಗಳನ್ನು ಕಣ್ಣಾರೆ ಕಂಡ ಎಂಟು ಮಂದಿ ಗಣ್ಯರ ಸಾಕ್ಷ್ಯಪತ್ರಗಳನ್ನು ಕಳುಹಿಸಿದರು. 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ಅದೇ ಪ್ರಯೋಗವನ್ನು ಸೊಸೈಟಿಯ ಮುಂದೆ ಮಾಡಿ ತೋರಿಸಿದ ಮೇಲೆ ಸಂದೇಹ ಅಡಗಿತು. 1680ರಲ್ಲಿ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು.

ವಿನೆಗರ್ ಹೇಳಿದ ಸತ್ಯ

1683ರ ಸೆಪ್ಟೆಂಬರ್ 17ರ ಪತ್ರ ಅವರ ಬಾಳಿನ ಮಹತ್ವದ ಬರಹಗಳಲ್ಲೊಂದು. ದಿನವೂ ಉಪ್ಪಿನಿಂದ ಹಲ್ಲುಜ್ಜಿ, ಕಡ್ಡಿಯಿಂದ ಶುಚಿಗೊಳಿಸಿ, ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದ ಅವರಿಗೆ ಹಲ್ಲುಗಳ ನಡುವೆ ಕಲಸಿದ ಹಿಟ್ಟಿನಂಥ ಬಿಳಿಯ ಪದಾರ್ಥ ಉಳಿದೇ ಇರುವುದು ಕಂಡಿತು. ಅದನ್ನು ಮಳೆನೀರಿನಲ್ಲೂ ಎಂಜಲಿನಲ್ಲೂ ಬೆರೆಸಿ ನೋಡಿದಾಗ, ಅಸಂಖ್ಯ ಜೀವಿಗಳು ನಾನಾ ಬಗೆಯಲ್ಲಿ ಚಲಿಸುತ್ತಿದ್ದವು. ಹಲ್ಲನ್ನೇ ಉಜ್ಜದ ವೃದ್ಧರೊಬ್ಬರ ಬಾಯಿಯಲ್ಲಂತೂ ಅವು ಕಿಕ್ಕಿರಿದಿದ್ದವು. ತಮ್ಮ ಒಂದು ಬಾಯಿಯಲ್ಲಿರುವ ಜೀವಿಗಳ ಸಂಖ್ಯೆ ಇಡೀ ನೆದರ್‌ಲ್ಯಾಂಡ್ಸ್‌ನ ಜನಸಂಖ್ಯೆಯನ್ನು ಮೀರಿಸುತ್ತದೆಂದು ಅವರು ಲೆಕ್ಕ ಹಾಕಿದರು.

ಅಲ್ಲಿಗೇ ನಿಲ್ಲದೆ ಅವರು ವಿನೆಗರ್ ತಂದರು. ನೀರಿನಲ್ಲಿ ಬೆರೆಸಿದ ಪದಾರ್ಥಕ್ಕೆ ವಿನೆಗರ್ ಸೋಕಿದೊಡನೆ ಜೀವಿಗಳು ಸತ್ತವು. ಆದರೆ ಅದೇ ವಿನೆಗರ್‌ನಿಂದ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿ, ಬಳಿಕ ಹಲ್ಲಿನ ಸಂದಿಯ ಪದಾರ್ಥವನ್ನು ತೆಗೆದು ನೋಡಿದರೆ ಅದರಲ್ಲಿ ಜೀವಿಗಳು ಬದುಕಿಯೇ ಇದ್ದವು. ವಿನೆಗರ್ ಆ ಗಟ್ಟಿ ಪದಾರ್ಥದ ಒಳಕ್ಕೆ ಇಳಿಯಲಾರದು, ಹೊರಭಾಗದವನ್ನು ಮಾತ್ರ ಕೊಲ್ಲುತ್ತದೆ ಎಂದು ಲೀವನ್‌ಹುಕ್ ತೀರ್ಮಾನಿಸಿದರು. ಬಿಡಿಯಾಗಿ ಈಜುವ ಬ್ಯಾಕ್ಟೀರಿಯಾ ಬೇರೆ, ಗುಂಪುಗೂಡಿ ನೆಲೆಸಿದ ಬ್ಯಾಕ್ಟೀರಿಯಾ ಬೇರೆ ಎಂಬ ಅರಿವಿನ ಮೊದಲ ಬೀಜ ಇದು.

ಮೂರು ಶತಮಾನದ ವಿಳಂಬ

ಆ ಬೀಜ ಮೊಳೆಯಲು ಸುಮಾರು ಮುನ್ನೂರು ವರ್ಷ ಬೇಕಾಯಿತು. ಅದಕ್ಕೆ ಲೀವನ್‌ಹುಕ್ ಅವರ ಸ್ವಭಾವವೂ ಒಂದು ಕಾರಣ. ಕಂಡದ್ದನ್ನು ಜಗತ್ತಿಗೆ ಧಾರಾಳವಾಗಿ ತಿಳಿಸಿದ ಅವರು, ಕಾಣುವ ವಿಧಾನವನ್ನು ಮಾತ್ರ ಗುಟ್ಟಾಗಿಟ್ಟರು. ಉತ್ತಮ ಮಸೂರಗಳನ್ನು ಮಾರಲಿಲ್ಲ, ಶಿಷ್ಯರನ್ನು ತಯಾರು ಮಾಡಲಿಲ್ಲ. ಅವರ ನಂತರ ಬ್ಯಾಕ್ಟೀರಿಯಾಗಳ ಅಧ್ಯಯನ ಶತಮಾನಕ್ಕೂ ಮೀರಿ ಸೊರಗಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚರ್ ಮತ್ತು ಕಾಖ್ ಅದಕ್ಕೆ ಜೀವ ತುಂಬಿದಾಗ, ಒಂದೊಂದು ಜಾತಿಯನ್ನು ಪ್ರತ್ಯೇಕಿಸಿ ಪ್ರಯೋಗಾಲಯದಲ್ಲಿ ಬೆಳೆಸುವುದೇ ಮುಖ್ಯ ವಿಧಾನವಾಯಿತು. ರೋಗಗಳ ಮೂಲ ತಿಳಿಯಲು ಅದು ಮಹದುಪಕಾರ ಮಾಡಿತು. ಆದರೆ ಲೋಳೆಯ ಕೋಟೆ ಗಮನದಿಂದ ಜಾರಿತು. ಕೆನಡಾದ ಬಿಲ್ ಕಾಸ್ಟರ್ಟನ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಲೇಖನದ ನಂತರವೇ ಅದರತ್ತ ವಿಜ್ಞಾನಲೋಕದ ಗಮನ ಗಂಭೀರವಾಗಿ ಹರಿಯಿತು.

ಈ ವಿಳಂಬದ ಬೆಲೆ ಸಣ್ಣದಲ್ಲ. ಕ್ಯಾತಿಟರ್, ಕೃತಕ ಕೀಲು, ಹೃದಯದ ಕೃತಕ ಕವಾಟಗಳ ಮೇಲೆ ಬೇರೂರಿದ ಜೈವಿಕ ಪದರವನ್ನು ಔಷಧದಿಂದಷ್ಟೇ ನಿರ್ಮೂಲ ಮಾಡುವುದು ಬಲು ಕಷ್ಟ. ಅದರೊಳಗಿನ ಬ್ಯಾಕ್ಟೀರಿಯಾ ಬಿಡಿ ಬ್ಯಾಕ್ಟೀರಿಯಾಗಿಂತ ಸಾವಿರ ಪಟ್ಟಿನವರೆಗೂ ಹೆಚ್ಚು ಆ್ಯಂಟಿಬಯಾಟಿಕ್ ತಾಳಿಕೊಳ್ಳಬಲ್ಲದು. ಲೋಳೆ ಔಷಧದ ಪ್ರವೇಶವನ್ನು ತಡೆದು ನಿಧಾನಗೊಳಿಸುವುದಲ್ಲದೆ, ಆಳದಲ್ಲಿ ಆಹಾರ ಸಿಗದೆ ಜಡವಾಗಿ ಮಲಗಿದ ಜೀವಕೋಶಗಳ ಮೇಲೆ, ಬೆಳೆಯುವ ಕೋಶಗಳನ್ನು ಕೊಲ್ಲುವ ಔಷಧ ನಾಟುವುದಿಲ್ಲ. ಎಷ್ಟೋ ವೇಳೆ ಆ ಸಾಧನವನ್ನೇ ಹೊರತೆಗೆಯಬೇಕಾಗುತ್ತದೆ.

ನೀರಿನ ಕೊಳವೆಗಳಲ್ಲೂ ಇದೇ ಕಥೆ. ಕ್ಲೋರಿನ್ ಪದರದ ಮೇಲ್ಭಾಗದಲ್ಲೇ ವ್ಯಯವಾಗಿ, ಒಳಗಿರುವ ಬ್ಯಾಕ್ಟೀರಿಯಾ ಪಾರಾಗುತ್ತದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ನಡೆದ ಸಮಾವೇಶಕ್ಕೆ ಬಂದ ಹಲವರನ್ನು ಬಲಿ ತೆಗೆದುಕೊಂಡ ಲೀಜನೆಲ್ಲಾ ಬ್ಯಾಕ್ಟೀರಿಯಾ ನೆಲೆ ಕಂಡುಕೊಳ್ಳುವುದು ಇಂಥ ಪದರಗಳಲ್ಲೇ. ಕಾರ್ಖಾನೆಗಳಲ್ಲಿ ಇದು ಶಾಖ ವಿನಿಮಯ ಯಂತ್ರಗಳ ಸಾಮರ್ಥ್ಯ ಕುಗ್ಗಿಸುತ್ತದೆ, ಲೋಹವನ್ನು ಕೊರೆಯುತ್ತದೆ, ಡೇರಿಗಳ ಕೊಳವೆಯಲ್ಲಿ ಕುಳಿತು ಹಾಲು ಕೆಡಿಸುತ್ತದೆ. ಹಾಗೆಂದು ಇದು ಶತ್ರುವೇ ಅಲ್ಲ. 1829ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಆರಂಭವಾದ ಮರಳು ಶೋಧಕದಲ್ಲಿ ಥೇಮ್ಸ್ ನದಿಯ ನೀರನ್ನು ಶುದ್ಧಗೊಳಿಸಲು ನೆರವಾದದ್ದು ಮರಳಿನ ಮೇಲೆ ಬೆಳೆದ ಜೈವಿಕ ಪದರ. ಕೊಳಚೆನೀರಿನ ಸಂಸ್ಕರಣೆಗೂ ಅದೇ ಆಧಾರ.

ಕೊನೆಯ ದಿನಗಳು

ಕೀರ್ತಿ ಬಂದಮೇಲೂ ಲೀವನ್‌ಹುಕ್ ಡೆಲ್ಫ್ಟ್ ಬಿಡಲಿಲ್ಲ. ರಷ್ಯಾದ ಚಕ್ರವರ್ತಿ ಪೀಟರ್ 1698ರಲ್ಲಿ ಅವರನ್ನು ಭೇಟಿ ಮಾಡಿ, ಹಾವುಮೀನಿನ ಬಾಲದಲ್ಲಿ ರಕ್ತ ಹರಿಯುವುದನ್ನು ಕಂಡು ಬೆರಗಾದ. ಎರಡನೆಯ ಪತ್ನಿಯೂ ತೀರಿಕೊಂಡ ಮೇಲೆ ಮರಿಯಾ ತಂದೆಯನ್ನು ಕಡೆಯವರೆಗೆ ನೋಡಿಕೊಂಡಳು. ಮರಣಶಯ್ಯೆಯಲ್ಲಿಯೂ ತಮ್ಮ ಕಾಯಿಲೆಯ ಲಕ್ಷಣಗಳನ್ನೇ ಗಮನಿಸಿ ಲಂಡನ್ನಿಗೆ ವರದಿ ಮಾಡಿದ ಆ ಹಿರಿಯ ಜೀವ 1723ರ ಆಗಸ್ಟ್ 26ರಂದು, 90ನೆಯ ವಯಸ್ಸಿನಲ್ಲಿ ಕಣ್ಮುಚ್ಚಿತು. ರಾಯಲ್ ಸೊಸೈಟಿಗೆಂದು ಅವರು ಬಿಟ್ಟುಹೋದ 26 ಬೆಳ್ಳಿಯ ಸೂಕ್ಷ್ಮದರ್ಶಕಗಳು 19ನೆಯ ಶತಮಾನದಲ್ಲಿ ಕಾಣೆಯಾದವು.

ಉಳಿದದ್ದು ಪತ್ರಗಳು. ಅವುಗಳಲ್ಲಿನ ವಿನೆಗರ್ ಪ್ರಯೋಗದ ತಿರುಳನ್ನು ಇಂದಿನ ದಂತವೈದ್ಯರೂ ಹೇಳುತ್ತಾರೆ: ಮುಕ್ಕಳಿಸಿದರೆ ಸಾಲದು, ಉಜ್ಜಿಯೇ ತೆಗೆಯಬೇಕು.